ಹೊನೊಲುಲು–ಗುವಾಮ್: ದ್ವೀಪಕ್ಕೊಮ್ಮೆ ಇಳಿಯುವ ವಿಮಾನದಲ್ಲಿ

ಹವಾಯಿಯ ಹೊನೊಲುಲುವಿನಿಂದ ಪಶ್ಚಿಮ ಪೆಸಿಫಿಕ್ ಸಾಗರದ ಗುವಾಮ್ ದ್ವೀಪಕ್ಕೆ ವಿಮಾನದ ನೇರ ದೂರ ಸುಮಾರು 6,110 ಕಿಲೋಮೀಟರ್. ಎಲ್ಲೂ ನಿಲ್ಲದ ವಿಮಾನ ಪಶ್ಚಿಮಕ್ಕೆ ಹೋಗಲು ಎಂಟು ಗಂಟೆಗೆ ಸ್ವಲ್ಪ ಕಡಿಮೆ ತೆಗೆದುಕೊಳ್ಳುತ್ತದೆ. ಅದೇ ಎರಡು ಊರುಗಳ ನಡುವೆ ಇನ್ನೊಂದು ವಿಮಾನವಿದೆ. ಅದು ಮಜುರೊ, ಕ್ವಾಜಲೀನ್, ಕೊಸ್ರೇ, ಪೊನ್‌ಪೇ, ಚುಕ್ ಎಂದು ಐದು ಕಡೆ ಇಳಿದು, ಆರನೆಯ ಹಾರಾಟದಲ್ಲಿ ಗುವಾಮ್ ಮುಟ್ಟುತ್ತದೆ. ಒಟ್ಟು ಸುಮಾರು 7,025 ಕಿಲೋಮೀಟರ್. ನೇರ ದಾರಿಗಿಂತ ಹೆಚ್ಚಾಗುವುದು ಬರೀ ಶೇಕಡಾ 15. ಸಮಯ ಮಾತ್ರ ಹತ್ತಿರ ಹತ್ತಿರ ಎರಡು ಪಟ್ಟು. ನಡುವೆ ಇಳಿದು ಊರು ನೋಡುತ್ತಾ ಹೋಗುತ್ತೇನೆ ಎಂದರೆ ಒಂದು ವಾರವೇ ಬೇಕು. ದೂರ ನೋಡಿ ಸಮಯ ಅಂದಾಜು ಮಾಡುವ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ಯಾಕೆ ನಡೆಯುವುದಿಲ್ಲ ಅನ್ನುವುದು ದಾರಿಯಲ್ಲಿ ಒಂದೊಂದಾಗಿ ಗೊತ್ತಾಗುತ್ತದೆ.

ಹೊರಡುವ ಮುಂಚಿನ ಲೆಕ್ಕ

ದೂರ ತೋರಿಸುವ ಜಾಲತಾಣಗಳಲ್ಲಿ ಹೊನೊಲುಲು–ಗುವಾಮ್ ಎಂದು ಹಾಕಿದರೆ ಒಂದು ಕಡೆ 3,300, ಇನ್ನೊಂದು ಕಡೆ 3,800, ಮತ್ತೊಂದು ಕಡೆ 6,110 ಎಂದು ಬರುತ್ತದೆ. ಮೂರೂ ಸರಿ. ಮೊದಲನೆಯದು ಪೈಲಟ್‌ಗಳು ಬಳಸುವ ನಾಟಿಕಲ್ ಮೈಲಿ (1.852 ಕಿ.ಮೀ.), ಎರಡನೆಯದು ಸಾಮಾನ್ಯ ಮೈಲಿ, ಮೂರನೆಯದು ಕಿಲೋಮೀಟರ್. ನಾಟಿಕಲ್ ಮೈಲಿಯನ್ನು ಸಾಮಾನ್ಯ ಮೈಲಿ ಎಂದುಕೊಂಡು ಗುಣಿಸಿದವರಿಗೆ 800 ಕಿಲೋಮೀಟರ್ ಮಾಯವಾಗುತ್ತದೆ. ಇವೆಲ್ಲ ಭೂಮಿಯ ಗೋಳದ ಮೇಲೆ ದಾರ ಎಳೆದು ಹಿಡಿದರೆ ಬರುವ ದೂರ. ಗೋಡೆಗೆ ತೂಗುಹಾಕಿದ ನಕ್ಷೆಯ ಮೇಲೆ ಸ್ಕೇಲ್ ಇಟ್ಟರೆ ಇದು ಸಿಗುವುದಿಲ್ಲ.

ಸಮಯಕ್ಕೆ ಒಂದು ಸುಲಭ ಸೂತ್ರವಿದೆ. ಕಿಲೋಮೀಟರನ್ನು 830ರಿಂದ ಭಾಗಿಸಿ, ಪ್ರತಿ ಹಾರಾಟಕ್ಕೂ ಅರ್ಧ ಗಂಟೆ ಸೇರಿಸಿ. ನೆಲದ ಮೇಲೆ ಓಡಾಡುವುದು, ಮೇಲೇರುವುದು, ಕೆಳಗಿಳಿಯುವುದು, ರನ್‌ವೇ ಎದುರಿಗೆ ಬಂದು ನಿಲ್ಲಲು ಸುತ್ತು ಹಾಕುವುದು, ಇವೆಲ್ಲ ಆ ಅರ್ಧ ಗಂಟೆಯಲ್ಲಿ ಬರುತ್ತವೆ. ನೇರ ವಿಮಾನಕ್ಕೆ 6,110 ಕಿ.ಮೀ. ಎಂದರೆ 7 ಗಂಟೆ 22 ನಿಮಿಷ, ಅದಕ್ಕೆ ಅರ್ಧ ಗಂಟೆ ಸೇರಿ 7 ಗಂಟೆ 52 ನಿಮಿಷ. ವೇಳಾಪಟ್ಟಿಗೆ ಸರಿಯಾಗಿ ಕೂಡುತ್ತದೆ. ದ್ವೀಪಗಳ ವಿಮಾನಕ್ಕೆ 7,025 ಕಿ.ಮೀ.ಗೆ ಎಂಟೂವರೆ ಗಂಟೆ, ಆರು ಹಾರಾಟಕ್ಕೆ ಅರ್ಧರ್ಧ ಗಂಟೆಯಂತೆ ಮೂರು ಗಂಟೆ, ಐದು ನಿಲುಗಡೆಗೆ ಸುಮಾರು 40 ನಿಮಿಷದಂತೆ ಮೂರು ಗಂಟೆ 20 ನಿಮಿಷ. ಕೂಡಿದರೆ ಹದಿನಾಲ್ಕೂ ಮುಕ್ಕಾಲು ಗಂಟೆ. ಹೆಚ್ಚುವರಿ ದೂರ ತಿನ್ನುವುದು ಒಂದು ಗಂಟೆಯನ್ನು ಮಾತ್ರ. ಉಳಿದ ಆರು ಗಂಟೆ ಇಳಿಯುವುದಕ್ಕೂ ಏರುವುದಕ್ಕೂ ಹೋಗುತ್ತದೆ.

ಈ ಸೇವೆ ಶುರುವಾದದ್ದು 1968ರಲ್ಲಿ, ಏರ್ ಮೈಕ್ರೊನೇಷಿಯಾ ಹೆಸರಿನಲ್ಲಿ, ಬೋಯಿಂಗ್ 727 ವಿಮಾನದಿಂದ. ಆಮೇಲೆ ಕಾಂಟಿನೆಂಟಲ್ ಮೈಕ್ರೊನೇಷಿಯಾ ಆಗಿ, ಈಗ ಯುನೈಟೆಡ್ ಏರ್‌ಲೈನ್ಸ್ ಕೈಯಲ್ಲಿದೆ. ಪಶ್ಚಿಮಕ್ಕೆ ಹೋಗುವುದರ ಸಂಖ್ಯೆ 154, ಪೂರ್ವಕ್ಕೆ 155. ಐಲ್ಯಾಂಡ್ ಹಾಪರ್ ಎಂದು ಹೊರಗಿನವರು ಕರೆಯುತ್ತಾರೆ. ದ್ವೀಪಗಳ ಹಳಬರ ಬಾಯಲ್ಲಿ ಅದು ಇನ್ನೂ ಏರ್ ಮೈಕ್. ಹೊನೊಲುಲುವಿನಿಂದ ಸೋಮವಾರ, ಬುಧವಾರ, ಶುಕ್ರವಾರ ಹೊರಡುವುದು ಬಹುಕಾಲದ ಪದ್ಧತಿ. ವೇಳಾಪಟ್ಟಿ ಬದಲಾಗುತ್ತಿರುತ್ತದೆ, ಟಿಕೆಟ್ ಮಾಡುವಾಗ ವಾರ ನೋಡಿಕೊಳ್ಳಿ.

ಟಿಕೆಟ್ ಹುಡುಕುವಾಗ ಎಡವುವ ಜಾಗ ಒಂದಿದೆ. ಹೊನೊಲುಲು–ಗುವಾಮ್ ಎಂದು ಹಾಕಿದರೆ ನೇರ ವಿಮಾನವೇ ಮೊದಲು ಬರುತ್ತದೆ. ನಡುವೆ ತಂಗಬೇಕಾದರೆ ಮಲ್ಟಿ-ಸಿಟಿ ಆಯ್ಕೆಗೆ ಹೋಗಿ ಹೊನೊಲುಲು–ಮಜುರೊ, ಮಜುರೊ–ಪೊನ್‌ಪೇ, ಪೊನ್‌ಪೇ–ಚುಕ್, ಚುಕ್–ಗುವಾಮ್ ಎಂದು ನಾಲ್ಕು ತುಂಡು ಮಾಡಿ, ಆದರೆ ಒಂದೇ ಟಿಕೆಟ್‌ನಲ್ಲಿ ಕೊಳ್ಳಬೇಕು. ನಾಲ್ಕು ಬೇರೆ ಬೇರೆ ಟಿಕೆಟ್ ಕೊಂಡರೆ ದುಡ್ಡು ಜಾಸ್ತಿ. ಒಂದು ವಿಮಾನ ರದ್ದಾದರೆ ಮುಂದಿನ ತುಂಡುಗಳನ್ನು ತಾನಾಗಿ ಬದಲಿಸಿಕೊಡುವ ಹೊಣೆ ಯಾರದೂ ಆಗಿರುವುದಿಲ್ಲ.

ಭಾರತದ ಪಾಸ್‌ಪೋರ್ಟ್ ಇರುವವರು ಕಾಗದಪತ್ರವನ್ನು ಗಟ್ಟಿ ಮಾಡಿಕೊಂಡೇ ಹೊರಡಬೇಕು. ಹೊನೊಲುಲುವೂ ಅಮೆರಿಕ, ಗುವಾಮೂ ಅಮೆರಿಕ. ನಡುವಿನ ನಿಲುಗಡೆಗಳು ಎರಡು ಬೇರೆ ದೇಶಗಳಲ್ಲಿವೆ. ಅಂದರೆ ಅಮೆರಿಕದಿಂದ ಹೊರಬಿದ್ದು ಮತ್ತೆ ಒಳಗೆ ಬರುತ್ತೀರಿ. ಒಂದೇ ಸಲದ ಪ್ರವೇಶದ ವೀಸಾ ಸಾಲದು, ಅನೇಕ ಸಲದ್ದು ಬೇಕು. ಕೆಲವು ದೇಶದವರಿಗೆ ಗುವಾಮ್‌ನಲ್ಲಿ ಸಿಗುವ ವೀಸಾ ವಿನಾಯಿತಿ ಭಾರತೀಯರಿಗಿಲ್ಲ. ಕೊಸ್ರೇ, ಪೊನ್‌ಪೇ, ಚುಕ್ ಸೇರಿರುವ ಮೈಕ್ರೊನೇಷಿಯಾ ಒಕ್ಕೂಟ ಪ್ರವಾಸಿಗರಿಗೆ 30 ದಿನದ ತನಕ ವೀಸಾ ಕೇಳುವುದಿಲ್ಲ, ಆದರೆ ಹೊರಹೋಗುವ ಟಿಕೆಟ್ ಕೇಳುತ್ತದೆ. ಮಜುರೊ, ಕ್ವಾಜಲೀನ್ ಸೇರಿರುವ ಮಾರ್ಷಲ್ ದ್ವೀಪಗಳ ನಿಯಮವನ್ನು ಅವರ ರಾಯಭಾರ ಕಚೇರಿಯಿಂದ ಬರಹದಲ್ಲೇ ತರಿಸಿಕೊಂಡು ಪ್ರಿಂಟ್ ಇಟ್ಟುಕೊಳ್ಳುವುದು ಕ್ಷೇಮ. ತಡೆಯುವವರು ಮಜುರೊದ ಅಧಿಕಾರಿಗಳಿಗಿಂತ ಮೊದಲು ಹೊನೊಲುಲುವಿನ ಕೌಂಟರ್‌ನವರು.

ಬೆಂಗಳೂರಿನಿಂದ ಹೊರಡುವವರಿಗೆ ಇನ್ನೊಂದು ಮಾತು. ಟೋಕಿಯೊದ ನರಿಟಾಕ್ಕೆ ನೇರ ವಿಮಾನವಿದೆ, ಅಲ್ಲಿಂದ ಗುವಾಮ್ ಮೂರೂವರೆ-ನಾಲ್ಕು ಗಂಟೆಯ ದಾರಿ. ಹಾಗಾಗಿ ನಕ್ಷೆಯ ಪ್ರಕಾರ ಗುವಾಮ್‌ನಿಂದ ಶುರುಮಾಡುವುದೇ ಹತ್ತಿರ. ಆದರೂ ಮೊದಲ ಸಲಕ್ಕೆ ಹೊನೊಲುಲುವಿನಿಂದ ಪಶ್ಚಿಮಕ್ಕೆ ಹೋಗುವುದೇ ಒಳ್ಳೆಯದು. ಈ ದಿಕ್ಕಿನಲ್ಲಿ ಎಲ್ಲ ದ್ವೀಪಗಳೂ ಹಗಲಲ್ಲೇ ಸಿಗುತ್ತವೆ. ಪೂರ್ವಕ್ಕೆ ಬರುವಾಗ ಕೊನೆಯ ಉದ್ದದ ಹಾರಾಟ ಪೂರ್ತಿ ಕತ್ತಲಲ್ಲಿ ಮುಗಿಯುತ್ತದೆ.

ಸೋಮವಾರ: ಹೊನೊಲುಲು

ವಿಮಾನ ಬೆಳಗ್ಗೆ ಏಳು-ಏಳೂವರೆಗೆ. ಕೌಂಟರ್‌ಗೆ ಮೂರು ಗಂಟೆ ಮುಂಚೆ ಹೋಗಬೇಕು, ಅಂದರೆ ನಾಲ್ಕಕ್ಕೆ ಎದ್ದರೂ ತಡವೇ. ಸಾಲಿನಲ್ಲಿ ಮುಂದಿರುವವರ ಸಾಮಾನು ನೋಡಿದರೆ ಕಾರಣ ತಿಳಿಯುತ್ತದೆ: ಐಸ್‌ಬಾಕ್ಸ್, ಟೇಪ್ ಸುತ್ತಿದ ರಟ್ಟಿನ ಪೆಟ್ಟಿಗೆ, ಕಾರಿನ ಬಿಡಿಭಾಗ, ಡಯಾಪರ್ ಕಟ್ಟು. ದ್ವೀಪಗಳವರಿಗೆ ಇದು ಪ್ರವಾಸದ ವಿಮಾನವಲ್ಲ, ಸಂತೆಗೆ ಹೋಗಿಬರುವ ಬಸ್ಸು. ಒಂದೊಂದು ಪೆಟ್ಟಿಗೆಯನ್ನೂ ತೂಕ ಹಾಕಿ, ಹೆಚ್ಚಾದದ್ದನ್ನು ಬಿಚ್ಚಿ ಇನ್ನೊಂದಕ್ಕೆ ತುಂಬುವುದು ಅಲ್ಲೇ ನಡೆಯುತ್ತದೆ.

ವಿಮಾನ ಬೋಯಿಂಗ್ 737, ನಡುವೆ ಒಂದೇ ಓಣಿ, ಎರಡೂ ಕಡೆ ಮೂರು ಮೂರು ಸೀಟು. ಪೈಲಟ್‌ಗಳು ಎರಡು ಜೊತೆ ಹತ್ತುತ್ತಾರೆ, ಯಾಕೆಂದರೆ ಹದಿನೈದು ಗಂಟೆಯ ಹತ್ತಿರದ ದಿನ ಇಬ್ಬರೇ ಪೈಲಟ್‌ಗಳ ಕೆಲಸದ ಮಿತಿಯೊಳಗೆ ಕೂರುವುದಿಲ್ಲ. ಅವರ ಜೊತೆ ಒಬ್ಬ ಮೆಕ್ಯಾನಿಕ್ಕೂ ಬರುತ್ತಾರೆ, ಕೆಳಗಿನ ಸಾಮಾನು ಕೋಣೆಯಲ್ಲಿ ಬಿಡಿಭಾಗಗಳೂ ಇರುತ್ತವೆ. ನಡುವಿನ ದ್ವೀಪಗಳಲ್ಲಿ ವಿಮಾನ ರಿಪೇರಿ ಮಾಡುವವರಿಲ್ಲ. ಸಣ್ಣ ದೋಷಕ್ಕೂ ಗುವಾಮ್‌ನಿಂದ ಜನ ಬರಬೇಕಾದರೆ ಅದೇ ಒಂದು ದಿನದ ಕೆಲಸ.

ಮೊದಲ ಹಾರಾಟವೇ ಉದ್ದದ್ದು: 3,667 ಕಿಲೋಮೀಟರ್, ಐದು ಗಂಟೆಯ ಹತ್ತಿರ. ಕೆಳಗೆ ನೀರು ಬಿಟ್ಟರೆ ಬೇರೇನಿಲ್ಲ. ದಾರಿಯಲ್ಲಿ ಜಾನ್‌ಸ್ಟನ್ ಎಂಬ ಹವಳದ ದ್ವೀಪವೊಂದಿದೆ, ಅಲ್ಲಿ ಅಮೆರಿಕದ ಸೇನಾ ನೆಲೆ ಇದ್ದ ಕಾಲದಲ್ಲಿ ಈ ವಿಮಾನ ಅಲ್ಲಿಯೂ ಇಳಿಯುತ್ತಿತ್ತು. ಈಗ ನೆಲೆಯೂ ಇಲ್ಲ, ನಿಲುಗಡೆಯೂ ಇಲ್ಲ. ನಿದ್ದೆ ಬೇಕಿದ್ದರೆ ಮಾಡಬೇಕಾದ್ದು ಈ ಐದು ಗಂಟೆಯಲ್ಲೇ. ಇದಾದ ಮೇಲೆ ಗಂಟೆಗೊಮ್ಮೆ ಎಬ್ಬಿಸುತ್ತಾರೆ.

ಊಟದ ವಿಷಯದಲ್ಲಿ ಸಸ್ಯಾಹಾರಿಗಳು ವಿಮಾನವನ್ನು ನಂಬಿಕೊಳ್ಳಬಾರದು. ಪ್ಯಾಕೆಟ್ ಮಾಡಿದ ಒಣ ತಿಂಡಿ ಕೈಚೀಲದಲ್ಲಿರಲಿ. ಹಣ್ಣು, ತರಕಾರಿ, ಗಿಡದ ಬೀಜ ಬೇಡ, ಗಡಿ ದಾಟಿದಲ್ಲೆಲ್ಲ ತಪಾಸಣೆಯಲ್ಲಿ ಹೋಗುತ್ತವೆ.

ಮಂಗಳವಾರ: ಮಜುರೊ

ಸೋಮವಾರ ಬೆಳಗ್ಗೆ ಹೊರಟು ಐದು ಗಂಟೆ ಹಾರಿದ ವಿಮಾನ ಮಂಗಳವಾರ ಬೆಳಗ್ಗೆ ಹತ್ತೂವರೆಯ ಸುಮಾರಿಗೆ ಇಳಿಯುತ್ತದೆ. ಹೊನೊಲುಲು ಗ್ರೀನಿಚ್‌ಗಿಂತ 10 ಗಂಟೆ ಹಿಂದೆ, ಮಜುರೊ 12 ಗಂಟೆ ಮುಂದೆ. ನಡುವಿನ ವ್ಯತ್ಯಾಸ 22 ಗಂಟೆ. ಗಡಿಯಾರದ ಮುಳ್ಳನ್ನು ಎರಡು ಗಂಟೆ ಹಿಂದಕ್ಕೆ ತಿರುಗಿಸಿ, ಕ್ಯಾಲೆಂಡರಿನ ಹಾಳೆ ಒಂದು ಹರಿದರೆ ಸರಿಹೋಗುತ್ತದೆ. ಹೋಟೆಲ್ ಕಾಯ್ದಿರಿಸುವವರು ಬಹಳಷ್ಟು ಜನ ತಪ್ಪುವುದು ಇಲ್ಲೇ. ಸೋಮವಾರ ಹೊರಟು ಸೋಮವಾರವೇ ತಲುಪುತ್ತೇವೆ ಎಂದು ಸೋಮವಾರಕ್ಕೆ ಕೋಣೆ ಹಿಡಿದರೆ, ಬರಲಿಲ್ಲವೆಂದು ಹೋಟೆಲಿನವರು ಅದನ್ನು ರದ್ದು ಮಾಡಿರುತ್ತಾರೆ.

ಇಳಿಯುವಾಗ ಎಡಗಡೆ ಕಿಟಕಿ ಇರಲಿ. ಇಲ್ಲಿ ಗಾಳಿ ವರ್ಷದ ಬಹುಪಾಲು ಪೂರ್ವದಿಂದ ಬೀಸುತ್ತದೆ, ವಿಮಾನ ಗಾಳಿಗೆ ಎದುರಾಗಿ ಇಳಿಯಬೇಕು. ಆದ್ದರಿಂದ ಪೂರ್ವದಿಂದ ಬಂದ ವಿಮಾನ ದ್ವೀಪ ದಾಟಿ ಮುಂದೆ ಹೋಗಿ, ತಿರುಗಿ, ಪಶ್ಚಿಮದ ಕಡೆಯಿಂದ ರನ್‌ವೇಗೆ ಬರುತ್ತದೆ. ಆಗ ಎಡಕ್ಕೆ ಲಗೂನಿನ, ಅಂದರೆ ಹವಳದ ದಿಬ್ಬದೊಳಗಿನ ನೀರಿನ, ಹಸಿರು ನೀಲಿ, ಬಲಕ್ಕೆ ಬಯಲು ಸಮುದ್ರ. ಚಕ್ರ ನೆಲ ಮುಟ್ಟುವ ತನಕ ನೆಲ ಕಾಣಿಸುವುದೇ ಇಲ್ಲ. ಮಜುರೊ ಅಟಾಲ್ ಎಂದರೆ ನಡುವೆ ನೀರು ಇಟ್ಟುಕೊಂಡ ಹವಳದ ಉಂಗುರ. ಉಂಗುರದ ಅಗಲ ಅನೇಕ ಕಡೆ ಒಂದು ರಸ್ತೆ, ಎರಡು ಸಾಲು ಮನೆಯಷ್ಟೇ.

ಅಮಾಟಾ ಕಬುವಾ ವಿಮಾನ ನಿಲ್ದಾಣದ ರನ್‌ವೇ ಸುಮಾರು 2,400 ಮೀಟರ್. ಅದರ ಎರಡನೆಯ ಕೆಲಸ ವಿಮಾನದ ಕೆಲಸಕ್ಕಿಂತ ದೊಡ್ಡದು. ಮಜುರೊದಲ್ಲಿ ನದಿಯಿಲ್ಲ, ಕೆರೆಯಿಲ್ಲ. ರನ್‌ವೇ ಮೇಲೆ ಬಿದ್ದ ಮಳೆನೀರನ್ನು ಬದಿಯ ಚರಂಡಿಗಳಿಂದ ಹಿಡಿದು, ಪಕ್ಕದ ದೊಡ್ಡ ತೊಟ್ಟಿಗಳಿಗೆ ಪಂಪ್ ಮಾಡಿ, ಶುದ್ಧೀಕರಿಸಿ ಊರಿಗೆ ಬಿಡುತ್ತಾರೆ. ಪಟ್ಟಣದ ನಲ್ಲಿ ನೀರಿನ ಮುಖ್ಯ ಮೂಲ ಇದೇ. ಮನೆಗಳವರು ಸೂರಿನ ನೀರನ್ನೂ ಹಿಡಿದಿಡುತ್ತಾರೆ. ಎಲ್ ನಿನೊ ವರ್ಷಗಳಲ್ಲಿ ಮಳೆ ಕೈಕೊಟ್ಟರೆ ರನ್‌ವೇಯೂ ಒಣಗುತ್ತದೆ, ನಲ್ಲಿಯೂ ಒಣಗುತ್ತದೆ. 2016ರಲ್ಲಿ ಸರ್ಕಾರ ತುರ್ತು ಪರಿಸ್ಥಿತಿಯನ್ನೇ ಘೋಷಿಸಬೇಕಾಯಿತು. ಹೋಟೆಲಿನಲ್ಲಿ ನಲ್ಲಿ ನೀರು ದಿನದ ಕೆಲವೇ ಗಂಟೆ ಬಂದರೆ ಗೊಣಗುವ ಮುಂಚೆ ಇದು ನೆನಪಿರಲಿ. ಕುಡಿಯಲು ಬಾಟಲಿ ನೀರೇ ಸರಿ.

ಬುಧವಾರ: ಮಜುರೊದಲ್ಲೇ

ವಿಮಾನವಿಲ್ಲದ ದಿನ. ಮುಂದಿನದು ಗುರುವಾರ, ಹೊನೊಲುಲುವಿನಲ್ಲಿ ಬುಧವಾರ ಹೊರಟದ್ದು. ಊರಿಗೆ ಇರುವುದು ಒಂದೇ ಮುಖ್ಯ ರಸ್ತೆ, ಪೂರ್ವದ ಪಟ್ಟಣದಿಂದ ಪಶ್ಚಿಮದ ತುದಿಯ ಲೌರಾ ತನಕ. ಪಟ್ಟಣದೊಳಗೆ ಹಂಚಿಕೊಂಡು ಹೋಗುವ ಟ್ಯಾಕ್ಸಿಗಳು ಕೈ ತೋರಿಸಿದರೆ ನಿಲ್ಲುತ್ತವೆ. ಲೌರಾಕ್ಕೆ ಮಾತ್ರ ಮೊದಲೇ ಬಾಡಿಗೆ ಮಾತಾಡಿಕೊಂಡು, ವಾಪಸ್ ಬರುವ ಹೊತ್ತನ್ನೂ ಹೇಳಿಟ್ಟುಕೊಳ್ಳಬೇಕು. ಅಲ್ಲಿ ಉಂಗುರ ಸ್ವಲ್ಪ ಅಗಲವಾಗಿದೆ, ಮರಳಿನಡಿ ಸಿಹಿನೀರಿನ ಪದರವಿದೆ, ಹಾಗಾಗಿ ಬಾವಿಯೂ ತೋಟವೂ ಇವೆ. ಕರಾವಳಿಯವರಿಗೆ ಗುರುತು ಸಿಗುವ ಜೀಗುಜ್ಜೆ ಮರಗಳು ಇಲ್ಲಿ ಎಲ್ಲೆಲ್ಲೂ. ಸುಟ್ಟ ಜೀಗುಜ್ಜೆ ಸಿಕ್ಕಿದರೆ ಸಸ್ಯಾಹಾರಿಗಳ ಊಟದ ಚಿಂತೆ ಆ ದಿನಕ್ಕೆ ಮುಗಿಯಿತು.

ಹಣ ಎಲ್ಲ ಕಡೆಯೂ ಅಮೆರಿಕನ್ ಡಾಲರ್. ಮಜುರೊದಲ್ಲಿ ಎಟಿಎಂ ಇದೆ. ಮುಂದಕ್ಕೆ ಹೋದಂತೆ ಯಂತ್ರವೂ ಕಡಿಮೆ, ಕಾರ್ಡ್ ತೆಗೆದುಕೊಳ್ಳುವವರೂ ಕಡಿಮೆ. ಸಣ್ಣ ನೋಟುಗಳನ್ನು ಇಲ್ಲೇ ಮಾಡಿಸಿಕೊಳ್ಳಬೇಕು.

ಗುರುವಾರ: ಕ್ವಾಜಲೀನ್ ಮೇಲೆ ಹಾದು ಪೊನ್‌ಪೇಗೆ

ಮಜುರೊ–ಕ್ವಾಜಲೀನ್ 431 ಕಿಲೋಮೀಟರ್, ಬೆಂಗಳೂರಿನಿಂದ ಹೈದರಾಬಾದ್‌ಗಿಂತ ಸ್ವಲ್ಪ ಕಡಿಮೆ. ಬರೀ ವೇಗದ ಲೆಕ್ಕ ಹಾಕಿದರೆ ಅರ್ಧ ಗಂಟೆ, ಕೊಡುವ ಸಮಯ ಒಂದು ಗಂಟೆ. ಮೇಲೇರಿ ಮುಗಿಯುವಷ್ಟರಲ್ಲಿ ಇಳಿಯುವ ಸಿದ್ಧತೆ. ಸೀಟ್ ಬೆಲ್ಟ್ ದೀಪ ಆರುವುದೇ ಅಪರೂಪ. ಶೌಚಾಲಯಕ್ಕೆ ನೆಲದ ಮೇಲೇ ಹೋಗಿಬನ್ನಿ.

ಕ್ವಾಜಲೀನ್‌ನಲ್ಲಿ ಇಳಿಯುವುದು ಅಮೆರಿಕದ ಸೇನಾ ನೆಲೆಯಲ್ಲಿ. ಬುಕಾಲ್ಜ್ ಸೇನಾ ವಾಯುನೆಲೆ, ರನ್‌ವೇ 2,000 ಮೀಟರ್‌ಗೆ ಸ್ವಲ್ಪ ಹೆಚ್ಚು, ಪಕ್ಕದಲ್ಲೇ ಕ್ಷಿಪಣಿ ಪರೀಕ್ಷೆಯ ರಾಡಾರ್‌ಗಳು. ಅನುಮತಿ ಪತ್ರವಿಲ್ಲದವರು ವಿಮಾನದಿಂದ ಕಾಲು ಕೆಳಗಿಡುವಂತಿಲ್ಲ. ಫೋಟೋ ತೆಗೆಯಬೇಡಿ ಎಂದು ಮೈಕಿನಲ್ಲಿ ಹೇಳುತ್ತಾರೆ, ಅದು ಬಾಯಿಮಾತಿನ ಎಚ್ಚರಿಕೆಯಲ್ಲ. ಫೋನನ್ನು ಜೇಬಿಗೆ ಹಾಕಿಬಿಡುವುದು ಒಳ್ಳೆಯದು. ನೆಲೆಯಲ್ಲಿ ಕೆಲಸಕ್ಕಿರುವ ಅಮೆರಿಕನ್ನರೂ, ಪಕ್ಕದ ಎಬೈ ದ್ವೀಪಕ್ಕೆ ದೋಣಿಯಲ್ಲಿ ಹೋಗುವ ಮಾರ್ಷಲೀಸರೂ ಇಲ್ಲಿ ಇಳಿಯುತ್ತಾರೆ. ಈ ನೆಲೆ 1993ರ ಆಗಸ್ಟ್ ತನಕ ಅಮೆರಿಕದ ಕಡೆಯ ದಿನಾಂಕವನ್ನೇ ಇಟ್ಟುಕೊಂಡಿತ್ತು. ಒಂದೇ ದೇಶದ ಮಜುರೊದಲ್ಲಿ ಸೋಮವಾರವಾದರೆ ಇಲ್ಲಿ ಭಾನುವಾರ. ಆಮೇಲೆ ಒಂದು ದಿನ ಹಾರಿಸಿ ಸರಿ ಮಾಡಿಕೊಂಡರು.

ಪ್ರತಿ ನಿಲುಗಡೆಯಲ್ಲೂ ಒಳಗೇ ಕೂತವರಿಗೊಂದು ಕವಾಯತು ಇದೆ. ಮುಂದೆ ಹೋಗುವವರು ಮೇಲಿನ ಗೂಡಿನಿಂದ ತಮ್ಮ ಚೀಲ ಇಳಿಸಿ ತೊಡೆಯ ಮೇಲೆ ಇಟ್ಟುಕೊಳ್ಳಬೇಕು. ಯಾರದೂ ಅಲ್ಲದ ಚೀಲ ಉಳಿದಿದೆಯೇ ಎಂದು ಗೂಡು ಗೂಡೂ ನೋಡುತ್ತಾರೆ. ಇಳಿದುಹೋದವರ ಸೀಟಿನ ಮೆತ್ತೆ ಎತ್ತಿ, ಮುಂದಿನ ಜೇಬಿಗೆ ಕೈ ಹಾಕಿ, ಕೆಳಗೆ ಬಗ್ಗಿ ಪರೀಕ್ಷೆ. ಹೊಸಬರು ಹತ್ತುವುದು ಅದಾದ ಮೇಲೆ. ಮಜುರೊದಿಂದ ಗುವಾಮ್ ತನಕ ಒಂದೇ ದಿನದಲ್ಲಿ ಹೋಗುವವರಿಗೆ ಇದು ಮತ್ತೆ ಮತ್ತೆ. ಚೀಲ ಸಣ್ಣದಿದ್ದರೆ ಕೈಗೂ ಭುಜಕ್ಕೂ ಸುಖ.

ವಾರದ ಎಲ್ಲ ವಿಮಾನಗಳೂ ಕೊಸ್ರೇಯಲ್ಲಿ ಇಳಿಯುವುದಿಲ್ಲ. ಯಾವ ದಿನ ಬಿಟ್ಟುಹೋಗುತ್ತದೆ ಅನ್ನುವುದು ವೇಳಾಪಟ್ಟಿಯಂತೆ. ಈ ಒಂದು ನಿಲುಗಡೆ ಇಡೀ ದಾರಿಯ ಗುಟ್ಟನ್ನು ಹೇಳುತ್ತದೆ. ಕ್ವಾಜಲೀನ್‌ನಿಂದ ಪೊನ್‌ಪೇಗೆ ನೇರ 1,066 ಕಿ.ಮೀ. ಕೊಸ್ರೇ ಮೇಲಿಂದಾದರೆ 646 ಮತ್ತು 555, ಒಟ್ಟು 1,201 ಕಿ.ಮೀ. ವ್ಯತ್ಯಾಸ 135 ಕಿ.ಮೀ., ಹಾರುವ ವಿಮಾನಕ್ಕೆ ಹತ್ತು ನಿಮಿಷದ ದಾರಿ. ಆದರೆ ಸಮಯದಲ್ಲಿ ಒಂದು ಗಂಟೆ 20 ನಿಮಿಷ ಹೆಚ್ಚಾಗುತ್ತದೆ. ಇಳಿದು ಏರಿದ್ದಕ್ಕೆ ಅರ್ಧ ಗಂಟೆ, ನೆಲದ ಮೇಲೆ ನಿಂತದ್ದಕ್ಕೆ 40 ನಿಮಿಷ.

ಕೊಸ್ರೇಯ ರನ್‌ವೇ 1,750 ಮೀಟರ್, ಹವಳದ ದಿಬ್ಬದ ಮೇಲೆ ಕಟ್ಟಿ ಸೇತುದಾರಿಯಿಂದ ದ್ವೀಪಕ್ಕೆ ಜೋಡಿಸಿದ್ದು. 737ರ ಮಟ್ಟಿಗೆ ಅದು ಬಿಗಿ. ಚಕ್ರ ಮುಟ್ಟಿದ ಕೂಡಲೇ ಬ್ರೇಕ್ ಗಟ್ಟಿಯಾಗಿ ಹಿಡಿಯುತ್ತದೆ, ಪ್ರಯಾಣಿಕರು ಮುಂದಕ್ಕೆ ಜೋತುಬೀಳುತ್ತಾರೆ. ಹಾಗೆ ಹಿಡಿದ ಬ್ರೇಕ್ ಕಾಯುತ್ತದೆ, ತಣಿಯದೆ ಮತ್ತೆ ಏರುವಂತಿಲ್ಲ. ಜನ ಹತ್ತಿ ಮುಗಿದರೂ ವಿಮಾನ ನಿಂತೇ ಇದ್ದರೆ ಅದೂ ಒಂದು ಕಾರಣವಾಗಿರಬಹುದು. ಬಿಸಿ ಹವೆ, ಗಿಡ್ಡ ರನ್‌ವೇ ಎರಡೂ ಸೇರಿದಾಗ ಏರುವ ತೂಕವನ್ನು ಇಳಿಸಬೇಕಾಗುತ್ತದೆ. ಸರಕು ಮೊದಲು ಹಿಂದುಳಿಯುತ್ತದೆ, ಆಮೇಲೆ ಪ್ರಯಾಣಿಕರ ಪೆಟ್ಟಿಗೆ. ಹಿಂದುಳಿದ ಪೆಟ್ಟಿಗೆ ಬರುವುದು ಮುಂದಿನ ವಿಮಾನದಲ್ಲಿ, ಎರಡು-ಮೂರು ದಿನ ಬಿಟ್ಟು. ಔಷಧಿ, ಒಂದು ಜೊತೆ ಬಟ್ಟೆ, ಚಾರ್ಜರ್ ಕೈಚೀಲದಲ್ಲೇ ಇರಬೇಕು ಅನ್ನುವುದು ಇದಕ್ಕೇ.

ಕ್ವಾಜಲೀನ್‌ನಿಂದ ಬಂದ ಮೇಲೆ ಗಡಿಯಾರ ಒಂದು ಗಂಟೆ ಹಿಂದಕ್ಕೆ. ಪೊನ್‌ಪೇಯಲ್ಲಿ ಇಳಿಯುವಾಗ ಬಲಗಡೆ ಕಿಟಕಿ ಬೇಕು: ಹಸಿರು ಬೆಟ್ಟದ ದ್ವೀಪ, ಎದುರಿಗೇ ಸೊಕೆಸ್ ಬಂಡೆಯ ಕಡಿದಾದ ಗೋಡೆ. ಮಜುರೊಗೆ ಎಡ, ಇಲ್ಲಿಗೆ ಬಲ. ಇಡೀ ದಾರಿಗೆ ಒಂದೇ ಒಳ್ಳೆಯ ಸೀಟು ಅಂತ ಇಲ್ಲ. ಒಂದೇ ದಿನದಲ್ಲಿ ಹೋಗುವವರು ಕೇಳಿದರೆ ಎಡವೇ ಎನ್ನಬಹುದು, ಮಜುರೊ, ಕ್ವಾಜಲೀನ್‌ನ ಹವಳದ ಉಂಗುರಗಳು ಎರಡೂ ಆ ಕಡೆಗಿವೆ.

ಶುಕ್ರವಾರ: ಪೊನ್‌ಪೇ

ಇಲ್ಲಿ ಮಳೆ ಆಗುಂಬೆಯವರಿಗೂ ಹೊಸದಲ್ಲ, ಆದರೆ ವರ್ಷಪೂರ್ತಿ. ಕೊಲೊನಿಯಾ ಪಟ್ಟಣದಲ್ಲೇ ವರ್ಷಕ್ಕೆ 4,500 ಮಿಲಿಮೀಟರ್ ಮೇಲೆ ಬೀಳುತ್ತದೆ, ಬೆಟ್ಟದ ಮೇಲೆ ಅದಕ್ಕೂ ಹೆಚ್ಚು. ಬಿಸಿಲಿಗಾಗಿ ಕಾದರೆ ದಿನ ಹೋಗುತ್ತದೆ.

ದಿನವನ್ನು ನಾನ್ ಮದೋಲ್‌ಗೇ ಇಡಬೇಕು. ಸಮುದ್ರದ ದಿಬ್ಬದ ಮೇಲೆ ಕಪ್ಪು ಬಸಾಲ್ಟ್ ಕಂಬಗಳನ್ನು ಅಡ್ಡಡ್ಡ ಪೇರಿಸಿ ಕಟ್ಟಿದ, ನೂರರ ಹತ್ತಿರ ಸಂಖ್ಯೆಯ ಕೃತಕ ನಡುಗಡ್ಡೆಗಳ ರಾಜಧಾನಿ, ಸೌದೆಲೂರ್ ಅರಸರದು. 2016ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು, ಅದೇ ವರ್ಷ ಅಪಾಯದಲ್ಲಿರುವ ತಾಣಗಳ ಪಟ್ಟಿಗೂ. ನಡುಗಡ್ಡೆಗಳ ನಡುವಿನ ಕಾಲುವೆಗಳಲ್ಲಿ ಹೂಳು ತುಂಬಿ ಮ್ಯಾಂಗ್ರೋವ್ ಬೆಳೆದು ಬೇರುಗಳು ಕಲ್ಲನ್ನು ಸಡಿಲಿಸುತ್ತಿವೆ. ದೋಣಿಯಲ್ಲಿ ಹೋಗುವುದಾದರೆ ಉಬ್ಬರದ ಹೊತ್ತು ಮೊದಲೇ ಕೇಳಿಕೊಳ್ಳಿ, ಇಳಿತದಲ್ಲಿ ದೋಣಿ ಒಳಗೆ ಹೋಗದು. ಕಾರಿನಲ್ಲಿ ತೆಮ್ವೆನ್ ದ್ವೀಪದ ತನಕ ಹೋಗಿ ನಡೆಯುವುದಾದರೆ ಇಳಿತವೇ ಮೇಲು, ಕೊನೆಯ ಕಾಲುವೆ ಮೊಣಕಾಲುದ್ದದಲ್ಲಿ ದಾಟಬಹುದು. ದಾರಿಯಲ್ಲಿ ಜಮೀನಿನವರು ಅಲ್ಲಲ್ಲಿ ಸಣ್ಣ ಸಣ್ಣ ಶುಲ್ಕ ಕೇಳುತ್ತಾರೆ. ಅದು ವಂಚನೆಯಲ್ಲ, ದಾರಿ ಅವರವರ ಜಾಗದಲ್ಲಿ ಹಾದುಹೋಗುತ್ತದೆ. ಮಜುರೊದಲ್ಲಿ ಮಾಡಿಸಿದ ಒಂದು ಡಾಲರಿನ ನೋಟುಗಳಿಗೆ ಇಲ್ಲಿ ಕೆಲಸ. ನಾನ್‌ಡೌವಾಸ್ ಎಂಬ ಸಮಾಧಿ ಅಂಗಳದ ಹೊರಗೋಡೆಯ ಮೂಲೆಯನ್ನು ಹತ್ತಿರ ನಿಂತು ನೋಡಬೇಕು: ಆರು ಮೂಲೆಯ ಕಂಬಗಳು ಒಂದು ಪದರ ಉದ್ದಕ್ಕೆ, ಮೇಲಿನದು ಅಡ್ಡಕ್ಕೆ, ಗಾರೆಯಿಲ್ಲ, ಮೂಲೆ ಮೇಲೆ ಮೇಲೆ ಹೋದಂತೆ ದೋಣಿಯ ಮೂತಿಯ ಹಾಗೆ ಎತ್ತಿಕೊಳ್ಳುತ್ತದೆ.

ಸಂಜೆ ಸಕಾವ್ ಕುಡಿಯಲು ಕರೆಯಬಹುದು. ಮೆಣಸಿನ ಬಳ್ಳಿಯ ಜಾತಿಗೇ ಸೇರಿದ ಗಿಡವೊಂದರ ಬೇರನ್ನು ಚಪ್ಪಟೆ ಕಲ್ಲಿನ ಮೇಲೆ ಜಜ್ಜಿ, ದಾಸವಾಳ ಜಾತಿಯ ಮರದ ನಾರಿನಲ್ಲಿ ಹಿಂಡಿದ ಲೋಳೆ ರಸ. ತುಟಿ ಜೋಮು ಹಿಡಿಯುತ್ತದೆ, ಕಾಲು ಭಾರವಾಗುತ್ತದೆ. ಮರುದಿನ ವಿಮಾನ ಇರುವಾಗ ಒಂದು ಚಿಪ್ಪು ಸಾಕು.

ಶನಿವಾರ: ಚುಕ್‌ಗೆ

ವಿಮಾನ ಮಧ್ಯಾಹ್ನದ ಮೇಲೆ. ಪೊನ್‌ಪೇ–ಚುಕ್ 704 ಕಿಲೋಮೀಟರ್, ಒಂದು ಗಂಟೆ 20 ನಿಮಿಷ, ಗಡಿಯಾರ ಮತ್ತೊಂದು ಗಂಟೆ ಹಿಂದಕ್ಕೆ. ಮೈಕ್ರೊನೇಷಿಯಾದ ರಾಜ್ಯಗಳಿಂದ ಹೊರಡುವಾಗ ನಿಲ್ದಾಣದಲ್ಲೇ ನಿರ್ಗಮನ ಶುಲ್ಕ ಕೇಳುವುದುಂಟು, ನಗದು ಇರಲಿ.

ಈ ತುಂಡಿನಲ್ಲಿ ಕೆಡುವುದು ಹೆಚ್ಚಾಗಿ ಮಳೆಯಿಂದ. ಪೊನ್‌ಪೇ, ಚುಕ್ ಎರಡರಲ್ಲೂ ಜಡಿಮಳೆ ಬಂದರೆ ರನ್‌ವೇ ಕಾಣಿಸುವುದಿಲ್ಲ. ಪೈಲಟ್ ಒಂದು-ಎರಡು ಸುತ್ತು ಕಾದು, ಆಗದಿದ್ದರೆ ಆ ನಿಲುಗಡೆಯನ್ನು ಬಿಟ್ಟು ಮುಂದಿನ ದ್ವೀಪಕ್ಕೆ ಹೋಗಬಹುದು. ಚುಕ್‌ನಲ್ಲಿ ಇಳಿಯಬೇಕಾದವರು ಗುವಾಮ್‌ಗೆ ಹೋಗಿ ಬೀಳುತ್ತಾರೆ, ಕಾಯುತ್ತಿದ್ದವರು ಚುಕ್‌ನಲ್ಲೇ ಉಳಿಯುತ್ತಾರೆ. 2018ರ ಸೆಪ್ಟೆಂಬರ್ 28ರಂದು ಪಪುವಾ ನ್ಯೂಗಿನಿಯ ಏರ್ ನಿಯುಗಿನಿ ಸಂಸ್ಥೆಯ 737 ವಿಮಾನವೊಂದು ಇಲ್ಲಿ ಮಳೆಯಲ್ಲಿ ರನ್‌ವೇ ಮುಟ್ಟುವ ಮೊದಲೇ ಲಗೂನಿಗೆ ಇಳಿದು ಒಬ್ಬ ಪ್ರಯಾಣಿಕ ತೀರಿಕೊಂಡಿದ್ದರು. ಹಾಗಾಗಿ ಸುತ್ತು ಹಾಕುವ ಪೈಲಟ್ ಮೇಲೆ ಬೇಸರ ಮಾಡಿಕೊಳ್ಳುವುದರಲ್ಲಿ ಅರ್ಥವಿಲ್ಲ. ಇನ್ನೊಂದು ಕಾರಣ ಹೊರಗಿನವರಿಗೆ ಹೊಳೆಯುವುದೇ ಇಲ್ಲ: ನಿಲ್ದಾಣದ ಅಗ್ನಿಶಾಮಕ ವಾಹನ. ಅದು ಕೆಟ್ಟು ನಿಂತರೆ ನಿಯಮದಂತೆ ಈ ಗಾತ್ರದ ವಿಮಾನ ಇಳಿಯುವಂತಿಲ್ಲ. ಅದರ ಬಿಡಿಭಾಗವೂ ಬರಬೇಕಾದ್ದು ವಿಮಾನದಲ್ಲೇ.

ಭಾನುವಾರ, ಸೋಮವಾರ: ಚುಕ್ ಲಗೂನ್

ಶನಿವಾರ ಇಳಿದವರಿಗೆ ಮುಂದಿನ ವಿಮಾನ ಮಂಗಳವಾರ, ಮೂರು ದಿನ. ಮುಳುಗು ಹಾಕುವವರು ಈ ಉದ್ದದ ಬಿಡುವು ಚುಕ್‌ಗೆ ಬರುವಂತೆ ಟಿಕೆಟ್ ಜೋಡಿಸಬೇಕು. 1944ರ ಫೆಬ್ರವರಿ 17 ಮತ್ತು 18ರಂದು ಅಮೆರಿಕದ ನೌಕಾಪಡೆಯ ವಿಮಾನಗಳು ಇಲ್ಲಿ ಜಪಾನಿನ ಹಡಗುಗಳನ್ನು ಮುಳುಗಿಸಿದವು. ಅವುಗಳಲ್ಲಿ ಫುಜಿಕಾವಾ ಮಾರು ಎಂಬ ಹಡಗು ತಳದಲ್ಲಿ ನೇರವಾಗಿ ಕುಳಿತಿದೆ, ಅದರ ಮೇಲ್ಭಾಗ ಹೊಸಬರಿಗೂ ಎಟುಕುವ ಆಳದಲ್ಲಿದೆ. ಸ್ಯಾನ್‌ಫ್ರಾನ್ಸಿಸ್ಕೊ ಮಾರು 50 ಮೀಟರ್ ಆಸುಪಾಸಿನಲ್ಲಿದೆ, ಪಳಗಿದವರಿಗೆ ಮಾತ್ರ. ಮುಳುಗು ಬಾರದವರು ಎಟೆನ್ ದ್ವೀಪದ ಹತ್ತಿರ ಕಡಿಮೆ ನೀರಿನಲ್ಲಿರುವ ಜಪಾನಿ ಯುದ್ಧವಿಮಾನವನ್ನು ಮುಖವಾಡ ಹಾಕಿ ತೇಲುತ್ತಲೇ ನೋಡಬಹುದು. ಭಾನುವಾರ ಚರ್ಚಿನ ದಿನ, ದೋಣಿಯವರನ್ನು ಶನಿವಾರವೇ ವಿಚಾರಿಸಿ.

ವಿಮಾನದ ಸಮಯಕ್ಕೂ ನೀರಿನೊಳಗಿನ ಸಮಯಕ್ಕೂ ಇಲ್ಲಿ ಗಂಟು ಬೀಳುತ್ತದೆ. ಆಳದಲ್ಲಿ ರಕ್ತಕ್ಕೂ ಮಾಂಸಖಂಡಕ್ಕೂ ಸೇರಿದ ಸಾರಜನಕ ನಿಧಾನವಾಗಿ ಹೊರಹೋಗಬೇಕು. ವಿಮಾನದೊಳಗಿನ ಒತ್ತಡ ಸುಮಾರು 2,400 ಮೀಟರ್ ಎತ್ತರದ ಬೆಟ್ಟದ ಮೇಲಿನಷ್ಟು ಇಳಿಯುತ್ತದೆ. ಬೇಗ ಹತ್ತಿದರೆ ಅದು ಗುಳ್ಳೆಯಾಗಿ ಕೀಲಿಗೆ, ನರಕ್ಕೆ ತೊಂದರೆ ಕೊಡುತ್ತದೆ. ಒಂದೇ ಸಲ ಮುಳುಗಿದ್ದರೆ ಕನಿಷ್ಠ 12 ಗಂಟೆ, ಹಲವು ಸಲ ಮುಳುಗಿದ್ದರೆ 18, ಮೇಲೆ ಬರುವಾಗ ಹಂತ ಹಂತವಾಗಿ ನಿಂತು ಬರಬೇಕಾದ ಆಳದ ಮುಳುಗಾದರೆ 24 ಗಂಟೆ ಬಿಡುವುದು ಜಾಣತನ. ಮಂಗಳವಾರದ ವಿಮಾನ ಸಂಜೆ ಐದರ ಹತ್ತಿರ ಹೊರಡುವುದರಿಂದ ಸೋಮವಾರ ಮೂರಕ್ಕೆಲ್ಲ ಕೊನೆಯ ಮುಳುಗು ಮುಗಿಸಿದರೆ ಲೆಕ್ಕ ಸರಿ. ಮಂಗಳವಾರ ಬೆಳಗ್ಗೆ ಇನ್ನೊಂದೇ ಒಂದು ಎಂಬ ಆಸೆ ಬೇಡವೇ ಬೇಡ.

ಮಂಗಳವಾರ: ಗುವಾಮ್

ಚುಕ್–ಗುವಾಮ್ 1,021 ಕಿಲೋಮೀಟರ್, ಒಂದೂ ಮುಕ್ಕಾಲು ಗಂಟೆ. ಗಡಿಯಾರ ಬದಲಾಗುವುದಿಲ್ಲ. ಕತ್ತಲಾಗುವ ಹೊತ್ತಿಗೆ ಗುವಾಮ್‌ನಲ್ಲಿ ಇಳಿದು ಅಮೆರಿಕದ ವಲಸೆ ತಪಾಸಣೆಯ ಸಾಲಿಗೆ ನಿಲ್ಲಬೇಕು. ಭಾರತೀಯ ಪಾಸ್‌ಪೋರ್ಟ್‌ನವರಿಗೆ ಹೊನೊಲುಲುವಿನಿಂದ ಯಾಕೆ ಈ ದಾರಿಯಲ್ಲಿ ಬಂದಿರಿ ಎಂಬ ಪ್ರಶ್ನೆ ಬಂದೇ ಬರುತ್ತದೆ. ನಾಲ್ಕು ತುಂಡಿನ ಟಿಕೆಟ್, ಹೋಟೆಲ್ ಚೀಟಿಗಳು ಒಂದೇ ಕಡತವಾಗಿ ಕೈಯಲ್ಲಿದ್ದರೆ ಎರಡು ನಿಮಿಷದಲ್ಲಿ ಮುಗಿಯುತ್ತದೆ. ಅದೇ ರಾತ್ರಿಯ ಟೋಕಿಯೊ ಅಥವಾ ಮನಿಲಾ ವಿಮಾನಕ್ಕೆ ಟಿಕೆಟ್ ಮಾಡಿಕೊಳ್ಳಬೇಡಿ. ಹಿಂದಿನ ಯಾವ ದ್ವೀಪದಲ್ಲಿ ತಡವಾದರೂ ಅದು ಇಲ್ಲಿ ಬಂದು ಕೂಡುತ್ತದೆ. ನಡುವೆ ಪೂರ್ತಿ ಒಂದು ದಿನ ಇರಲಿ.

ಹೊನೊಲುಲುವಿಗೆ ವಾಪಸ್ ಹೋಗುವವರು ನೇರ ವಿಮಾನ ಹಿಡಿಯುವುದೇ ಸರಿ. ಪೂರ್ವಕ್ಕೆ ಅದು ಏಳು ಗಂಟೆಯ ಸುಮಾರು, ಬಂದಾಗಿನದಕ್ಕಿಂತ ಮುಕ್ಕಾಲು ಗಂಟೆ ಕಡಿಮೆ. ನೇರ ದಾರಿ ಉತ್ತರಕ್ಕೆ ಬಾಗಿ 20 ಡಿಗ್ರಿ ಅಕ್ಷಾಂಶದ ಹತ್ತಿರ ಹೋಗುತ್ತದೆ, ಅಲ್ಲಿ ಚಳಿಗಾಲದಲ್ಲಿ ಮೇಲಿನ ಗಾಳಿ ಪಶ್ಚಿಮದಿಂದ ಜೋರಾಗಿ ತಳ್ಳುತ್ತದೆ. ದ್ವೀಪಗಳ ಮೇಲೇ ಮರಳುವ ಹಟವಿದ್ದರೆ ದಿನಾಂಕ ಮಾತ್ರ ಎರಡು ಸಲ ನೋಡಿ. 155 ಗುವಾಮ್‌ನಿಂದ ಸೋಮವಾರ ಬೆಳಗ್ಗೆ ಎಂಟೂವರೆಯ ಹೊತ್ತಿಗೆ ಹೊರಟು, ಹದಿನಾಲ್ಕೂವರೆ ಗಂಟೆಯ ಮೇಲೆ ಹಾರಿ-ನಿಂತು, ಹೊನೊಲುಲು ತಲುಪುವುದು ಅದೇ ಸೋಮವಾರ ನಸುಕಿನ ಮೂರರ ಸುಮಾರಿಗೆ. ಹೊರಟ ಹೊತ್ತಿಗಿಂತ ಸುಮಾರು ಐದೂವರೆ ಗಂಟೆ ಮುಂಚೆ. ಆ ಹೊತ್ತಿಗೆ ಹಾಸಿಗೆ ಬೇಕೆಂದರೆ ಹೊನೊಲುಲುವಿನ ಕೋಣೆಯನ್ನು ಭಾನುವಾರ ರಾತ್ರಿಗೆ ಹಿಡಿದು, ನಸುಕಿಗೆ ಬರುತ್ತೇವೆ ಎಂದು ಹೋಟೆಲಿಗೆ ಬರೆದು ತಿಳಿಸಿರಬೇಕು.